ನೀತಿ ಮೇಡಂ

ಜನವರಿ ೯, ಗುರುವಾರ

ಎರಡನೇ ಪೀರಿಯಡ್ ಮುಗಿಸಿ ಬಂದೆ. ಗಂಟಲು ಕಟ್ಟಿದೆ. ‘ವ್ಯಾಪಾರ ಮತ್ತು ಜವಾಬ್ದಾರಿ’ — ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲಿ ಈ ವರ್ಷದಿಂದ ಕಡ್ಡಾಯ ವಿಷಯ. ಸಮಾಜ, ನೀತಿ, ಪರಿಸರ, ಮೂರನ್ನೂ ಒಂದೇ ಸೆಮಿಸ್ಟರಿನಲ್ಲಿ ಅರೆದು ಕುಡಿಸಬೇಕು. ಸ್ಟಾಫ್ ರೂಮಿನಲ್ಲಿ ನನಗೀಗ ಹೊಸ ಹೆಸರು, ನೀತಿ ಮೇಡಂ. ಇಟ್ಟವರು ಅಕೌಂಟ್ಸ್ ಮೇಷ್ಟ್ರು.

“ಏನ್ ನೀತಿ ಮೇಡಂ, ಇವತ್ತು ಎಷ್ಟು ಜನ ಒಳ್ಳೆಯವರಾದ್ರು?”

ನಕ್ಕೆ. ಈ ಮನುಷ್ಯ ಸುಮ್ಮನೆ ಮಾತಾಡಿಸುವವರಲ್ಲ. ಏನೋ ತಿಳಿದುಕೊಳ್ಳುವುದಿರುತ್ತದೆ.

ವಿಷಯ ಬಂದದ್ದು ಪಕ್ಕದ ಬಣ್ಣದ ಕಾರ್ಖಾನೆಯವರ ಕೃಪೆಯಿಂದ. ‘ಜವಾಬ್ದಾರಿ ಕೇಂದ್ರ’ ಕಟ್ಟಿಸಿಕೊಟ್ಟಿದ್ದಾರೆ. ಗಾಜಿನ ಗೋಡೆ. ಬಾಗಿಲಿನಿಂದ ವೇದಿಕೆಯವರೆಗೂ ಕುಂಡಗಳು. ಗಿಡಗಳು ಪ್ಲಾಸ್ಟಿಕ್ ಇರಬಹುದೆಂದು ಯಾರೂ ನೋಡದಾಗ ಒಂದು ಎಲೆ ಚಿವುಟಿದೆ. ನಿಜವಾದ ಗಿಡ. ಅನುಮಾನ ಇನ್ನೂ ಹೆಚ್ಚಾಯಿತು.

ಜನವರಿ ೧೬, ಗುರುವಾರ

ಕ್ಲಾಸಿನಲ್ಲಿ ಬಾಯಿ ಜಾರಿತು. “ನಮಗೆ ಬಿಲ್ಡಿಂಗ್ ಕಟ್ಸಿಕೊಟ್ಟೋರನ್ನೂ ಪ್ರಶ್ನೆ ಕೇಳೋಕೆ ಬರಬೇಕು. ಆ ಪಕ್ಕದ ಕಾರ್ಖಾನೆ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರಾದ್ರೂ ಕೇಳಿದ್ದೀರಾ?” ಎಂದೆ. ಎಲ್ಲರೂ ನಕ್ಕರು. ಮೂಲೆಯಲ್ಲಿ ಕೂರುವ ಹುಡುಗಿ ಮಾತ್ರ ನಗಲಿಲ್ಲ. ಬರೆದುಕೊಂಡಳು.

ಊಟ ಮುಗಿಸಿ ಕೈ ತೊಳೆಯುತ್ತಿದ್ದೆ, ಡೈರೆಕ್ಟರ್ ಕರೆಸಿದರು. ಬಲು ಮೃದುವಾಗಿ ಮಾತಾಡಿದರು.

“ಉದಾಹರಣೆ ಕೊಡಿ ಮೇಡಂ, ಬೇಡ ಅನ್ನಲ್ಲ. ಸ್ವಲ್ಪ ದೂರದ್ದು ಕೊಡಿ. ಬೇರೆ ದೇಶದ್ದು, ಬೇರೆ ಕಾಲದ್ದು.”

ತಲೆ ಆಡಿಸಿ ಬಂದೆ. ಬೆಳಗ್ಗೆ ಆಡಿದ ಮಾತು ಮಧ್ಯಾಹ್ನಕ್ಕೆ ಅವರ ಕಿವಿ ಮುಟ್ಟಿದ್ದು ಹೇಗೆ? ಯಾರೋ ಮುಟ್ಟಿಸಿದ್ದಾರೆ.

ಜನವರಿ ೧೭

ಮೂಲೆ ಹುಡುಗಿಯ ಅಪ್ಪ ಅದೇ ಬಣ್ಣದ ಕಾರ್ಖಾನೆಯಲ್ಲಿ ಕೊಳಕು ನೀರು ಶುದ್ಧಮಾಡುವ ಘಟಕದ ಸೂಪರ್‌ವೈಸರ್ ಅಂತೆ! ಅಕೌಂಟ್ಸ್ ಮೇಷ್ಟ್ರು ಬೇಕೆಂದೇ ಹೇಳಿದರೋ, ಮಾತಿಗೆ ಮಾತು ಬಂದು ಹೇಳಿದರೋ... ಸರಿ. ಗುಟ್ಟು ರಟ್ಟಾಯಿತು, ಮುಟ್ಟಿಸಿದವಳು ಅವಳೇ. ಇನ್ನು ಆ ಹುಡುಗಿಯ ಮುಂದೆ ಬಾಯಿಗೆ ಬೀಗ.

ಅತ್ತೆಗೆ ಹೇಳಿದೆ. ಅವರಿಗೆ ಔಷಧಿ ಅಂಗಡಿಯವನಿಂದ ಹಿಡಿದು ಕರೆಂಟ್ ಮೀಟರಿನವರೆಗೆ ಎಲ್ಲದರ ಮೇಲೂ ಅನುಮಾನ. ಖುಷಿಯಾಗಿಬಿಟ್ಟರು.

“ನಾನು ಅವತ್ತೇ ಅಂದ್ಕೊಂಡೆ, ನಿನಗೆ ಲೋಕಜ್ಞಾನ ಸಾಲದು ಅಂತ.”

ನಮ್ಮವರು ಕನ್ನಡಕದ ಅಂಗಡಿಯಿಂದ ಬಂದವರು ಬೂಟು ಬಿಚ್ಚುತ್ತಾ, “ಮನೇಲಿ ಒಬ್ಬರಿದ್ರು, ಈಗ ಇಬ್ಬರಾದ್ರು” ಎಂದರು.

ಜನವರಿ ೨೧, ಮಂಗಳವಾರ

ಫೀಲ್ಡ್ ವಿಸಿಟ್. ಕ್ಲಾಸನ್ನೆಲ್ಲ ಕಟ್ಟಿಕೊಂಡು ಕಾರ್ಖಾನೆಗೆ ಹೋದೆ. ಗೇಟಿನಲ್ಲೇ ಹಣ್ಣಿನ ರಸ, ತಲೆಗೊಂದು ಹಸಿರು ಟೋಪಿ. ನೀರಿನ ಘಟಕ ತೋರಿಸಿದ್ದು ಮೂಲೆ ಹುಡುಗಿಯ ಅಪ್ಪ. ಸಣಕಲು ಮೈ, ಹೊಸ ಸಮವಸ್ತ್ರ — ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ಕಂಠಪಾಠ ಒಪ್ಪಿಸುವಂತೆ ಒಪ್ಪಿಸಿದರು. ಪಂಪು ಗುಡುಗುಡು ಓಡುತ್ತಿತ್ತು. ಕೊನೆಯ ತೊಟ್ಟಿಯಲ್ಲಿ ತಿಳಿನೀರು, ಅದರಲ್ಲಿ ಕೆಂಪು ಮೀನುಗಳು. ಹುಡುಗರು ಸೆಲ್ಫಿ ತೆಗೆದುಕೊಂಡರು.

ಮಗಳು ಅಪ್ಪನ ಮುಖ ನೋಡಲಿಲ್ಲ. ಅಪ್ಪನೂ ಅಷ್ಟೆ. ಒಬ್ಬರಿಗೊಬ್ಬರು ಗುರುತೇ ಇಲ್ಲದವರ ಹಾಗೆ.

ಏನೋ ಇದೆ. ಏನು ಅಂತ ಗೊತ್ತಾಗಲಿಲ್ಲ.

ಜನವರಿ ೨೮

ಮೂಲೆ ಹುಡುಗಿ ಸ್ಟಾಫ್ ರೂಮಿಗೆ ಬಂದಳು. ಬಾಗಿಲಲ್ಲೇ ನಿಂತಳು.

“ಮೇಡಂ, ಒಂದು ಡೌಟು. ಒಬ್ರಿಗೆ ಒಂದು ತಪ್ಪು ನಡೀತಿರೋದು ಗೊತ್ತು. ಹೇಳಿದ್ರೆ ಮನೆಯೋರಿಗೇ ಪೆಟ್ಟು ಬೀಳುತ್ತೆ. ಆಗ ಏನ್ ಮಾಡ್ಬೇಕು?”

ಅಕೌಂಟ್ಸ್ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟರು. ಕಿವಿ ಇತ್ತಲೇ.

ಅಂದುಕೊಂಡೆ — ಬಂತು ನೋಡು ಗಾಳ. ನಾನು ಒಂದು ಮಾತು ಆಡಲಿ ಎಂದು ಕಾಯುತ್ತಿದ್ದಾಳೆ. “ಮೂರನೇ ಅಧ್ಯಾಯ ಓದು. ಹಿತಾಸಕ್ತಿಗಳ ಸಂಘರ್ಷ. ಪರೀಕ್ಷೆಗೂ ಬರುತ್ತೆ” ಎಂದೆ.

“ಓದಿದ್ದೀನಿ ಮೇಡಂ.”

“ಇನ್ನೊಂದ್ಸಲ ಓದು.”

ಹೋದಳು. ಮೇಷ್ಟ್ರು ಮತ್ತೆ ಪೆನ್ನು ಎತ್ತಿಕೊಂಡರು. ಅವರು ಚುಡಾಯಿಸದಿದ್ದರೆ ನನಗೆ ಇನ್ನೂ ಕಸಿವಿಸಿ.

ಫೆಬ್ರವರಿ ೩, ಸೋಮವಾರ

ಬಸ್ ಸ್ಟಾಪಿನಲ್ಲಿ ಹಿಡಿದಳು. ಕೈಯಲ್ಲಿ ಫೋನು. ಪರದೆ ಕೆಳಮುಖ. ರೆಕಾರ್ಡ್ ಆಗುತ್ತಿತ್ತೋ ಏನೋ, ಯಾರು ಬಲ್ಲರು?

“ಐದೇ ನಿಮಿಷ ಮೇಡಂ.”

“ಕ್ಲಾಸಲ್ಲಿ ಕೇಳು.”

“ಕ್ಲಾಸಲ್ಲಿ ಕೇಳೋ ಅಂಥದ್ದಲ್ಲ.”

“ಹಾಗಾದ್ರೆ ನನ್ನನ್ನೂ ಕೇಳೋ ಅಂಥದ್ದಲ್ಲ. ಯಾರ ಪರವಾಗಿ ಕೇಳ್ತಿದ್ದೀಯೋ ಅವರಿಗೇ ಹೋಗಿ ಹೇಳು, ನನ್ನ ಬಾಯಿ ಬಿಡ್ಸೋಕಾಗಲಿಲ್ಲ ಅಂತ.”

ಅವಳಿಗೆ ಅರ್ಥವಾಗಲಿಲ್ಲ. ಅಥವಾ ಆಗದಂತೆ ನಟಿಸಿದಳು. ಕಣ್ಣು ತುಂಬಿಕೊಂಡಳು. ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ತಿರುಗಿ ನೋಡಲಿಲ್ಲ. ಭೇಷ್ ಎಂದುಕೊಂಡೆ.

ಫೆಬ್ರವರಿ ೪

ಮೂಲೆಯಲ್ಲೇ ಕೂತಿದ್ದಳು. ಒಂದಕ್ಷರ ಬರೆದುಕೊಳ್ಳಲಿಲ್ಲ.

ಫೆಬ್ರವರಿ ೨೦, ಗುರುವಾರ

ನಾಳೆ ಜವಾಬ್ದಾರಿ ಕೇಂದ್ರದ ಉದ್ಘಾಟನೆ. ಎರಡು ವಾರದಿಂದ ಅದೇ ಓಡಾಟ. ಇವತ್ತು ಡೈರೆಕ್ಟರ್ ರೂಮಿಗೆ ಕಾರ್ಯಕ್ರಮದ ವಿವರ ಮಾತಾಡಲು ಹೋದೆ. ವಿದ್ಯಾರ್ಥಿಗಳ ಪ್ರತಿಜ್ಞೆ ಓದಲು ಮೂಲೆ ಹುಡುಗಿಯನ್ನು ಆರಿಸಿದ್ದಾರೆ. ಕಾರ್ಖಾನೆಯ ಮನೆಮಗಳು, ಮಾರ್ಕ್ಸೂ ಚೆನ್ನಾಗಿದೆ. ಫೋಟೋಗೆ ಒಪ್ಪುತ್ತದೆ.

ಅವರ ಊಟದ ಹೊತ್ತು. ಡಬ್ಬಿ ತೆರೆದಿತ್ತು. ಎದುರಿನ ಕಂಪ್ಯೂಟರಿನಲ್ಲಿ ಯಾರದೋ ಪಾಠ. ದನಿ ಎಲ್ಲೋ ಕೇಳಿದ್ದು ಅನ್ನಿಸಿತು. ನನ್ನದೇ!

“ಗೈರುಹಾಜರಾದ ಮಕ್ಕಳಿಗೆ ಅಂತ ಎಲ್ಲಾ ಕ್ಲಾಸೂ ರೆಕಾರ್ಡ್ ಆಗುತ್ತಲ್ಲ ಮೇಡಂ. ದಿನಾ ಊಟಕ್ಕೆ ನಿಮ್ಮ ಪಾಠ ಹಾಕ್ಕೋತೀನಿ. ಚೆನ್ನಾಗಿ ಮಾತಾಡ್ತೀರ. ಅವತ್ತೊಂದಿನ ಮಾತ್ರ ತುತ್ತು ನೆತ್ತಿಗೇರ್ತು ನೋಡಿ.” ನಕ್ಕರು. ಕೆಟ್ಟತನದ ನಗು ಕೂಡ ಅಲ್ಲ.

ಹಾಗಾದರೆ ಯಾರೂ ಚಾಡಿ ಹೇಳಿಲ್ಲ. ಯಾರೂ.

ಆ ಹುಡುಗಿ ಕೇಳಲು ಬಂದದ್ದು ನಿಜವಾಗಿಯೂ ಕೇಳಲಿಕ್ಕೇ.

ಹುಡುಕಿದೆ. ವೇದಿಕೆಯಲ್ಲಿ ರಿಹರ್ಸಲ್ ಮಾಡುತ್ತಿದ್ದಳು. ಸುತ್ತ ಜನ. ನಾಳೆ ಸಮಾರಂಭ ಮುಗಿಯಲಿ, ಕೂತು ಮಾತಾಡಿದರಾಯಿತು ಎಂದು ಬಂದುಬಿಟ್ಟೆ.

ಫೆಬ್ರವರಿ ೨೧, ಶುಕ್ರವಾರ, ಸಂಜೆ

ಆದದ್ದನ್ನು ಆದ ಹಾಗೆ ಬರೆಯಬೇಕು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಾರ್ಖಾನೆಯ ದೊಡ್ಡವರು. ಮೂರನೇ ಸಾಲಿನಲ್ಲಿ ಅವಳ ಅಪ್ಪ. ಪಕ್ಕದ ಕುರ್ಚಿಯ ಮೇಲೆ ಮಗಳ ಬ್ಯಾಗು. ಅವಳು ಮೈಕಿನ ಮುಂದೆ ನಿಂತು ಪ್ರತಿಜ್ಞೆಯ ಎರಡು ಸಾಲು ಓದಿದಳು. ನಿಲ್ಲಿಸಿದಳು. ಮರೆತಳು ಅಂದುಕೊಂಡೆ. ಕಾಗದ ಕೈಯಲ್ಲೇ ಇತ್ತು.

“ಇದನ್ನ ಪೂರ್ತಿ ಓದೋಕೆ ಮುಂಚೆ ಒಂದು ಮಾತು ಹೇಳ್ಬೇಕು. ನಾವು ಫೀಲ್ಡ್ ವಿಸಿಟ್‌ಗೆ ಹೋದಾಗ ಪಂಪು ಓಡ್ತಿತ್ತಲ್ಲ, ಅದು ನಾವು ಬರ್ತೀವಿ ಅಂತ ಹಾಕಿದ್ದು. ಅತಿಥಿಗಳು ಬರದೇ ಇರೋ ದಿನ ಅದು ಓಡಲ್ಲ. ಬಣ್ಣದ ನೀರು ಹಾಗೇ ಹಿಂದಿನ ಕಾಲುವೆಗೆ ಹೋಗುತ್ತೆ. ಪಂಪು ಹಾಕೋರು ನಮ್ಮಪ್ಪ. ಆರಿಸೋರೂ ನಮ್ಮಪ್ಪ. ಆರಿಸು ಅಂತ ಹೇಳೋರು ನಮ್ಮಪ್ಪ ಅಲ್ಲ —”

ಮೈಕ್ ಸತ್ತಿತು. ಇನ್ನೂ ಏನೋ ಹೇಳಿದಳು. ತುಟಿ ಅಲ್ಲಾಡಿದ್ದು ಕಂಡಿತು, ದನಿ ಕೇಳಲಿಲ್ಲ.

ಅಪ್ಪ ಎದ್ದರು. ಸಭೆಯೆಲ್ಲ ಅವರನ್ನೇ ನೋಡಿತು. ವೇದಿಕೆ ಹತ್ತಿ ಕಪಾಳಕ್ಕೆ ಬಾರಿಸುತ್ತಾರೆ ಎಂದುಕೊಂಡೆ. ಅವರು ಪಕ್ಕದ ಕುರ್ಚಿಯ ಮೇಲಿದ್ದ ಬ್ಯಾಗು ತೆಗೆದುಕೊಂಡರು. ಹೆಗಲಿಗೆ ಹಾಕಿಕೊಂಡರು. ಪಕ್ಕದ ಬಾಗಿಲ ಹತ್ತಿರ ಹೋಗಿ ನಿಂತರು. ಮಗಳು ಮೆಟ್ಟಿಲಿಳಿದು ಬಂದಳು. ಇಬ್ಬರೂ ಹೊರಟುಹೋದರು.

ಆಮೇಲೆ ಯಾರೋ ಚಪ್ಪಾಳೆ ಹೊಡೆದರು. ಏಕೆಂದು ಅವರಿಗೇ ತಿಳಿದಿರಲಿಕ್ಕಿಲ್ಲ. ಕಾರ್ಯಕ್ರಮ ಮುಂದುವರಿಯಿತು.





ಮಾರ್ಚ್ ೩, ಸೋಮವಾರ

ಡೈರೆಕ್ಟರ್ ಈಗ ಮೃದುವಾಗಿ ಮಾತಾಡುವುದಿಲ್ಲ.

“ಅವಳ ತಲೇಲಿ ಇದನ್ನ ಯಾರೋ ತುಂಬಿರ್ಬೇಕು ಮೇಡಂ. ಯಾರೂ ತುಂಬಿಲ್ಲ ಅಂದ್ರೆ ಪೂರ್ತಿ ಅವಳದೇ ಹೊಣೆ. ಪರೀಕ್ಷೆಗೆ ಕೂರ್ಸಲ್ಲ. ಬುಧವಾರ ಸಮಿತಿ ಕೂರುತ್ತೆ. ನಿಮ್ಮನ್ನೂ ಕೇಳ್ತಾರೆ. ಯೋಚನೆ ಮಾಡಿ ಬನ್ನಿ.”

ಸಮಿತಿಯಲ್ಲಿ ಮೂವರು. ಡೈರೆಕ್ಟರ್, ಕಾರ್ಖಾನೆಯ ಕಡೆಯ ಒಬ್ಬ ವಕೀಲರು, ಅಕೌಂಟ್ಸ್ ಮೇಷ್ಟ್ರು.

ಮೇಷ್ಟ್ರು ಕಾರಿಡಾರಿನಲ್ಲಿ ಪಕ್ಕಕ್ಕೆ ಕರೆದರು. “ನಂಗೇನೂ ಗೊತ್ತಿಲ್ಲ ಅಂದ್ಬಿಡಿ. ಅದು ನಿಜಾನೂ ಹೌದಲ್ವಾ?”

ನಿಜ. ಅದೇ ಸಂಕಟ.

ಮೇಷ್ಟ್ರು ಹೀಗೆ ಕೇಳಿದ್ದೇಕೆ? ನಾನೇನು ಹೇಳುತ್ತೇನೆಂದು ಮೊದಲೇ ತಿಳಿಯಲಿಕ್ಕಾ?

ಮಾರ್ಚ್ ೪

ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದರು. ಜೊತೆಗೆ ಕೂತೆ. ಎಲ್ಲವನ್ನೂ ಹೇಳಿದೆ. ಬಸ್ ಸ್ಟಾಪಿನದ್ದನ್ನೂ.

“ಅನುಮಾನ ಪಡ್ಬೇಡ ಅಂತ ನಾನು ಹೇಳಲ್ಲ. ನಂಗೆ ಎಲ್ಲರ ಮೇಲೂ ಇದೆ. ಆದ್ರೆ ಬಾಗಿಲು ತಟ್ಟಿದೋರನ್ನ ಒಳಗೆ ಕರೆದು ಕೂರಿಸಿ ಆಮೇಲೆ ಅನುಮಾನ ಪಡ್ತೀನಿ. ನೀನು ಬಾಗಿಲಲ್ಲೇ ಪಟ್ಟೆ.”

ಆಮೇಲೆ, “ಕೆಲಸ ಹೋದ್ರೆ ಏನ್ ಮಾಡ್ತೀಯ?” ಎಂದರು.

“ಗೊತ್ತಿಲ್ಲ.”

“ಹೂಂ. ಆ ಚಾಕು ಕೊಡು ಇಲ್ಲಿ.”

ಮಾರ್ಚ್ ೫, ಬುಧವಾರ

ಜವಾಬ್ದಾರಿ ಕೇಂದ್ರದ ಗಾಜಿನ ಗೋಡೆಯ ಕೋಣೆಯಲ್ಲೇ ಸಮಿತಿ ಕೂತಿತು. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದ್ದರು. ಒಳಗಿನಿಂದ ಕಾಣುತ್ತಿದ್ದಳು, ನಮ್ಮ ಮಾತು ಅವಳಿಗೆ ಕೇಳುವಂತಿರಲಿಲ್ಲ.

ಡೈರೆಕ್ಟರ್ ಕೇಳಿದರು. “ವೇದಿಕೆ ಮೇಲೆ ಹಾಗೆ ಮಾತಾಡು ಅಂತ ಆ ಹುಡುಗಿಗೆ ನೀವು ಹೇಳಿದ್ರಾ?”

“ಹೌದು.”

ನಾನು ಅಂದುಕೊಂಡದ್ದಕ್ಕಿಂತ ಸಲೀಸಾಗಿ ಬಂತು.

“ಯಾವ ಕ್ಲಾಸಲ್ಲಿ ಹೇಳಿದ್ರಿ? ನಿಮ್ಮ ಎಲ್ಲಾ ಕ್ಲಾಸೂ ನೋಡಿದ್ದೀನಿ ನಾನು. ಎಲ್ಲೂ ಇಲ್ಲ.”

“ಕ್ಲಾಸಲ್ಲಲ್ಲ ಸರ್. ಸ್ಟಾಫ್ ರೂಮಲ್ಲಿ. ತಿಳಿದದ್ದನ್ನ ನಾಲ್ಕು ಜನರ ಮುಂದೆ ಹೇಳೋದೂ ಕೋರ್ಸಿನ ಭಾಗ ಅಂದೆ. ಅವಳು ಟೀಚರ್ ಮಾತು ಕೇಳಿದ್ದಾಳೆ, ಅಷ್ಟೆ.”

ವಕೀಲರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. “ಇದಕ್ಕೆ ಸಾಕ್ಷಿ?”

ಸಾಕ್ಷಿ ಎಲ್ಲಿಂದ ತರಲಿ? ಇಲ್ಲದ್ದಕ್ಕೆ.

“ನಾನಿದ್ದೆ” ಎಂದರು ಅಕೌಂಟ್ಸ್ ಮೇಷ್ಟ್ರು. ಮೇಜಿನಿಂದ ಕಣ್ಣೆತ್ತಲಿಲ್ಲ. “ಆ ಹುಡುಗಿ ಬಂದಿದ್ಲು. ಬಾಗಿಲಲ್ಲಿ ನಿಂತಿದ್ಲು. ಮೇಡಂ ಹೇಳಿದ್ದು ನನ್ನ ಕಿವಿಗೂ ಬಿತ್ತು.”

ವಾರವೆಲ್ಲ ನೀತಿ ಪಾಠ ಮಾಡುವವಳು ಶುದ್ಧ ಸುಳ್ಳು ಹೇಳಿದೆ. ಲೆಕ್ಕದ ಮೇಷ್ಟ್ರು ಅದಕ್ಕೆ ಇನ್ನೊಂದು ಕೂಡಿಸಿದರು. ಹೊರಗೆ ಬೆಂಚಿನ ಮೇಲೆ ಸತ್ಯ ಹೇಳಿದವಳು ಒಬ್ಬಳೇ ಕೂತಿದ್ದಳು.

ಮಾರ್ಚ್ ೧೮, ಮಂಗಳವಾರ

ಅವಳಿಗೆ ಎಚ್ಚರಿಕೆ ಕೊಟ್ಟು ಪರೀಕ್ಷೆಗೆ ಕೂರಲು ಬಿಟ್ಟಿದ್ದಾರೆ. ನನ್ನ ಕೈಯಿಂದ ವಿಷಯ ಕಿತ್ತುಕೊಂಡರು. ಈ ಸೆಮಿಸ್ಟರ್ ಮುಗಿಯುವ ತನಕ ಲೈಬ್ರರಿ ಡ್ಯೂಟಿ. ಆಮೇಲೆ ‘ನೋಡೋಣ’ ಅಂತೆ. ಆ ‘ನೋಡೋಣ’ ಎಂದರೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ವ್ಯಾಪಾರ ಮತ್ತು ಜವಾಬ್ದಾರಿ’ಯನ್ನು ಇನ್ನು ಕಲಿಸುವವರು — ಅಕೌಂಟ್ಸ್ ಮೇಷ್ಟ್ರು! ಪುಸ್ತಕ ತೆಗೆದುಕೊಂಡು ಹೋಗಲು ಬಂದರು.

“ಅವತ್ತು ಯಾಕೆ ಹಾಗೆ ಹೇಳಿದ್ರಿ?” ಕೇಳಿಯೇಬಿಟ್ಟೆ.

“ಏನ್ ಹೇಳಿದ್ದು?” ಎಂದರು. ಪುಟ ತಿರುಗಿಸುತ್ತಾ, “ಈ ಮೂರನೇ ಅಧ್ಯಾಯ ಇದೆಯಲ್ಲ, ಇದನ್ನ ಬರೆದೋನು ಯಾವತ್ತೂ ಎಲ್ಲೂ ಕೆಲಸ ಮಾಡಿಲ್ಲ ಅನ್ಸುತ್ತೆ.”

ನನ್ನನ್ನು ಉಳಿಸಿದರೋ, ಈ ಜಾಗಕ್ಕೆ ಕಣ್ಣು ಹಾಕಿದ್ದರೋ... ಎರಡೂ ಇರಬಹುದು. ಮನುಷ್ಯ ಈಗಲೂ ಅರ್ಥವಾಗುವುದಿಲ್ಲ.

ಮಾರ್ಚ್ ೨೬, ಬುಧವಾರ, ಬೆಳಗ್ಗೆ ಹನ್ನೊಂದು

ಮಾಲಿನ್ಯ ನಿಯಂತ್ರಣ ಕಚೇರಿ. ಕಾಯುವವರ ಬೆಂಚು. ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ.

ನಿನ್ನೆ ಲೈಬ್ರರಿಗೆ ಅವಳ ಅಪ್ಪ ಬಂದರು. ಕಾರ್ಖಾನೆಯಲ್ಲಿ ಅವರನ್ನು ಗೋದಾಮಿಗೆ ಹಾಕಿದ್ದಾರೆ. ವೇದಿಕೆಯ ಮಾತು ಹಬ್ಬಿ ಯಾರೋ ದೂರು ಕೊಟ್ಟಿದ್ದಾರೆ, ಇವತ್ತು ಈ ಕಚೇರಿಯಲ್ಲಿ ಹೇಳಿಕೆ ಕೊಡಬೇಕು. ಯಾರೂ ಬಲವಂತ ಮಾಡಿಲ್ಲ, ತಾವೇ ಒಪ್ಪಿದ್ದಾರಂತೆ. ಮಗಳಿಗೆ ಪರೀಕ್ಷೆ. “ಓದಿದೋರೊಬ್ರು ಜೊತೆಗಿದ್ರೆ ಧೈರ್ಯ ಮೇಡಂ” ಎಂದರು. ಆ ಕ್ಷಣ ತಲೆಗೆ ಹೊಳೆದದ್ದೇನು? ಕಾರ್ಖಾನೆಯವರೇ ಕಳಿಸಿರಬಹುದು, ನನ್ನನ್ನು ಸಿಕ್ಕಿಸಲು! ಚಟ ಬಿಡುವುದಿಲ್ಲ. ಬರುತ್ತೇನೆ ಎಂದೆ. ಬಸ್ಸಿನಲ್ಲೂ ಅವರನ್ನು ಓರೆಗಣ್ಣಿನಲ್ಲಿ ನೋಡುತ್ತಲೇ ಬಂದೆ.

ಈಗ ಪಕ್ಕದಲ್ಲಿ ಕೂತಿದ್ದಾರೆ. ತಮ್ಮ ಅಂಗೈಯನ್ನೇ ನೋಡಿಕೊಳ್ಳುತ್ತಾ. ಸ್ವಲ್ಪ ಹೊತ್ತಿನ ಹಿಂದೆ ಕೇಳಿದರು:

“ಮೇಡಂ, ನೀವು ನಿಜವಾಗ್ಲೂ ಅವಳಿಗೆ ಮಾತಾಡು ಅಂತ ಹೇಳಿದ್ರಾ?”

“ಇಲ್ಲ.”

“ಗೊತ್ತಿತ್ತು. ಬೈದು ಕಳಿಸಿದ್ರು ಅಂದಿದ್ಲು.”

“ಮತ್ತೆ ನನ್ನನ್ನೇ ಯಾಕೆ ಕರೆದ್ರಿ?”

“ಅವಳೇ ಹೇಳಿದ್ದು. ಮೇಡಂನ ಕರಿ ಅಪ್ಪ, ಬರ್ತಾರೆ. ಆದ್ರೆ ದಾರಿಯುದ್ದಕ್ಕೂ ನಿನ್ನ ಅನುಮಾನದಿಂದ ನೋಡ್ತಾರೆ, ಬೇಜಾರ್ ಮಾಡ್ಕೋಬೇಡ ಅಂದ್ಲು.”

ಇಬ್ಬರೂ ನಕ್ಕೆವು. ಎದುರಿನ ಬೆಂಚಿನವರು ತಿರುಗಿ ನೋಡಿದರು. ನಗು ನಿಂತ ಮೇಲೆ ಅವರು ಮತ್ತೆ ಅಂಗೈ ನೋಡಿಕೊಂಡರು. ಒಳಗೆ ಎಲ್ಲಾ ಹೇಳಿಬಿಟ್ಟರೆ ಮೊದಲು ಕೇಸು ಬೀಳುವುದು ತಮ್ಮ ಮೇಲೇ ಅಂತೆ, ಪಂಪು ಆರಿಸಿದ ಕೈ ತಮ್ಮದೇ ತಾನೇ, ಎಂದರು. ಮೂರನೇ ಅಧ್ಯಾಯದಲ್ಲಿ ಅದಕ್ಕೆ ಉತ್ತರವಿಲ್ಲ.

“ಎಲ್ಲಿಂದ ಶುರು ಮಾಡ್ಲಿ ಮೇಡಂ?”

ಬಾಗಿಲು ತೆರೆಯಿತು. ಜವಾನ ಅವರ ಹೆಸರು ಕೂಗುತ್ತಿದ್ದಾನೆ. ಎದ್ದು ನಿಂತರು, ಹೆಜ್ಜೆ ಎತ್ತಲಿಲ್ಲ. ನನ್ನ ಕಡೆ ನೋಡುತ್ತಿದ್ದಾರೆ. ಜೊತೆಗೆ ಬಂದವರು ಹೊರಗೇ ಇರಬೇಕು ಎನ್ನುತ್ತಿದ್ದಾನೆ ಜವಾನ. ಇರುವುದಿಲ್ಲ. ನಾನೂ ಒಳಗೆ —