ಎರಡು ಚೊಂಬು ತಣ್ಣೀರು

ಮಾರ್ಚ್ 24, ಸೋಮವಾರ

ಬೆಳಗ್ಗೆಯಿಂದ ಮೂರು ಸಲ ಕರೆಂಟ್ ಹೋಯ್ತು. ಕಂಪ್ಯೂಟರ್ ಮೂರು ಸಲ ಸತ್ತು ಮೂರು ಸಲ ಎದ್ದಿತು. ಸಂಘದ ಪುಸ್ತಕದಲ್ಲಿರೋರಿಗೆ ಆ ಯೋಗ ಇಲ್ಲ.

ವರ್ಷಾವರ್ಷ ಇದೇ ಕೆಲಸ. ಬೇಗೂರಿಂದ ಚಂದಕವಾಡಿವರೆಗೆ ಹರಡಿಕೊಂಡಿರೋ ನಮ್ಮ ಬಳಗ, ಒಟ್ಟು ನಲವತ್ತೆರಡು ಮನೆ. ಆ ವರ್ಷ ಲಿಂಗೈಕ್ಯರಾದವರಿಗೆ ತಲಾ ಒಂದು ಪುಟ, ಒಂದು ಫೋಟೋ, ಎಂಟು ಸಾಲು. ಬಸವ ಜಯಂತಿಗೆ ಬಿಡುಗಡೆ. ಬರೆಯೋಳು ನಾನು, ಗುಂಡ್ಲುಪೇಟೆಯ ಈ ಡಿಟಿಪಿ ಅಂಗಡೀಲಿ ಕೂತು ಟೈಪ್ ಮಾಡೋಳೂ ನಾನು. ಹೆಸರು ಮಾತ್ರ 'ಸಂಪಾದಕ ಮಂಡಳಿ'.

ಈ ಸಲ ಆರು ಜನ. ಹಳೇ ಅಧ್ಯಕ್ಷರು ದೊಡ್ಡಮಲ್ಲಪ್ಪನವರು — 'ಕೊಡುಗೈ ದಾನಿ'. ಹಿತ್ತಲ ನುಗ್ಗೆ ಬೀದಿ ಕಡೆ ಬಾಗಿ ಯಾರೋ ಎರಡು ಕಾಯಿ ಕಿತ್ತರು ಅಂತ ಕೊಂಬೇನೇ ಕಡಿಸಿದ ಮನುಷ್ಯ. ಬೇಗೂರು ಮಲ್ಲಿಗಮ್ಮ — 'ಮನೆಗೆ ಬಂದವರಿಗೆ ಉಣಬಡಿಸದೆ ಕಳಿಸಿದವರಲ್ಲ'. ಹೋದ ವರ್ಷ ನಾಲ್ಕು ಹೆಂಗಸರಿಗೂ ಇದೇ ಸಾಲು. ಕಾಪಿ, ಪೇಸ್ಟ್. ಹೆಂಗಸರ ಫೋಟೋ ಅಂದ್ರೆ ಆಧಾರ್ ಕಾರ್ಡಿಂದು, ದೊಡ್ಡದು ಮಾಡಿ ಹಾಕೋದು. ಏನೋ ತಪ್ಪು ಮಾಡಿ ಸಿಕ್ಕಿಬಿದ್ದೋರ ಥರ ಕಾಣ್ತಾರೆ, ಪಾಪ.

ಪಟ್ಟಿ ಮೃತ್ಯುಂಜಯಣ್ಣ ವಾಟ್ಸಾಪ್ ಮಾಡಿದ್ರು. ಈಗಿನ ಅಧ್ಯಕ್ಷರು, ದೊಡ್ಡಮಲ್ಲಪ್ಪನವರ ಹಿರೀಮಗ. ಪಟ್ಟೀನ ಎರಡು ಸಲ ನೋಡಿದೆ.

ದೊಡ್ಡವ್ವನ ಹೆಸರಿಲ್ಲ.

ಮಾರ್ಚ್ 25

ಫೋನ್ ಮಾಡಿದೆ. "ಅಣ್ಣ, ನಮ್ಮ ದೊಡ್ಡವ್ವ ಪುಟ್ಟಸಿದ್ದಮ್ಮನ ಹೆಸರು ಬಿಟ್ಟೋಗಿದೆ."

"ಬುಟ್ಟೋಗಿಲ್ಲ ಕಣಮ್ಮಿ. ಅವರು ಮೆಂಬರ್ ಅಲ್ವಲ್ಲ."

ಮೆಂಬರಂತೆ! ಮಲ್ಲಿಗಮ್ಮ ಯಾವ ಮೆಂಬರು? ಕೇಳಿದೆ. "ನೋಡನ ಬುಡು" ಅಂತ ಇಟ್ಟರು.

ನಲವತ್ತು ವರ್ಷ. ಬಳಗದಲ್ಲಿ ಹೆಂಗಸು ತೀರಿಕೊಂಡ್ರೆ ಮೊದಲು ದೊಡ್ಡವ್ವಂಗೆ ಕರೆ, ಆಮೇಲೆ ಐನೋರಿಗೆ. ನಮ್ಮಲ್ಲಿ ಮಲಗಿಸಿ ಕಳಿಸಲ್ಲ, ಕೂರಿಸಿ ಕಳಿಸೋದು. ಮೈ ಸೆಟೆಯೋ ಮುಂಚೆ ತೊಳೀಬೇಕು, ಸೀರೆ ಉಡಿಸಬೇಕು, ವಿಭೂತಿ ಹಚ್ಚಿ ಗೋಡೆಗೆ ಆನಿಸಬೇಕು. ಮನೆಯವರು ಮೇಲೆ ಬಿದ್ದು ಅಳ್ತಾರೆ, ತೊಳೆಯಲ್ಲ. ದೊಡ್ಡವ್ವನ ಗಂಡ ತೀರಿಕೊಂಡ ವರ್ಷ ಯಾರೋ ಕರೆದ್ರು, ಹೋದಳು, ಅಲ್ಲಿಂದ ಅದು ಅವಳ ಕೆಲಸವೇ ಆಗೋಯ್ತು. ಆ ಕೆಲಸಕ್ಕೆ ಹಿತ್ತಲ ಬಾಗಿಲು. ಮದುವೆ, ನಾಮಕರಣಕ್ಕೆ ಯಾವ ಬಾಗಿಲೂ ಇಲ್ಲ.

ನಮ್ಮವ್ವ ಸತ್ತಾಗ ನಾನು ಏಳನೇ ಕ್ಲಾಸು. ಒಡಹುಟ್ಟಿದ ತಂಗೀನೂ ಅವಳೇ ತೊಳೆದಳು. ಅದೇ ಸಂಜೆ ನನ್ನ ಕೈ ಹಿಡ್ಕೊಂಡು ಬೇಗೂರಿಗೆ, ತನ್ನ ಮನೆಗೆ ಕರ್ಕೊಂಡು ಹೋದ್ಲು.

ಮಾರ್ಚ್ 27

ಇದೇ ಡೈರಿಯ ಜನವರಿ 11ರ ಹಾಳೆ ತೆಗೆದು ನೋಡಿದೆ. 'ದೊಡ್ಡವ್ವ ಹೋದಳು' ಅಂತ ಒಂದು ಸಾಲು. ಉಳಿದದ್ದು ಖಾಲಿ. ಎರಡೂವರೆ ತಿಂಗಳು ಆ ಖಾಲೀನ ದಾಟ್ಕೊಂಡು ಬರ್ಕೊಂಡು ಬಂದಿದೀನಿ. ಇವತ್ತು ಬರೀತೀನಿ.

ಅಂಗಳದಲ್ಲಿ ಹನ್ನೊಂದು ಹೆಂಗಸರು. ಹೊತ್ತಾಯ್ತು, ಹೊತ್ತಾಯ್ತು ಅಂತ ಐನೋರು ಎರಡು ಸಲ ಅಂದ್ರು. ಒಬ್ಬರಿಗೆ ಸೊಂಟ. ಒಬ್ಬರ ಮಗಳನ್ನ ನಾಳೆ ನೋಡೋಕೆ ಬರ್ತಾರೆ. ಒಬ್ಬರು ಹರಕೆ ಹೊತ್ತಿದಾರೆ, ಮುಟ್ಟಂಗಿಲ್ಲ. ಕೊನೆಗೆ ಎಲ್ಲಾರೂ ನನ್ನ ಕಡೆ ತಿರುಗಿದ್ರು. ಸಾಕಿದ ಮಗಳಲ್ವಾ.

ನಾನು ಫ್ಲೆಕ್ಸ್ ವಿಷಯಕ್ಕೆ ಫೋನ್ ಬಂತು ಅಂತ ಬೀದಿಗೆ ಬಂದೆ. ಯಾವ ಫೋನೂ ಬಂದಿರಲಿಲ್ಲ. ಹುಣಸೆಮರದ ಕೆಳಗೆ ನಿಂತ್ಕೊಂಡು, ಕಿವಿಗೆ ಒತ್ಕೊಂಡು, ಹ್ಞೂಂ ಹ್ಞೂಂ ಅಂತಿದ್ದೆ.

ಸ್ಕೂಲಲ್ಲಿ ನನ್ನ 'ಹೆಣ ತೊಳ್ಯೋಳ ಮಗಳು' ಅಂತಿದ್ರು. ಬಂದ ಎರಡು ಸಂಬಂಧ ಅದೇ ಮಾತಿಗೆ ಮುರಿದವು. ಇವತ್ತು ಮುಟ್ಟಿದ್ರೆ ನಾಳೆಯಿಂದ ನನ್ನನ್ನೇ ಕರೀತಾರೆ — ಅದೊಂದೇ ತಲೇಲಿ. ಥೂ. ನಲವತ್ತು ವರ್ಷಕ್ಕೆ ಬಂದು ಕೂತಿದೀನಿ, ಇನ್ಯಾವ ಸಂಬಂಧ ಮುರಿಯೋದಿತ್ತು?

ವಾಪಸ್ ಬರೋಷ್ಟ್ರಲ್ಲಿ ಆಗೋಗಿತ್ತು. ತೊಟ್ಟಿಯಿಂದ ಎರಡು ಚೊಂಬು ತಣ್ಣೀರು, ಉಟ್ಟ ಸೀರೆ ಮೇಲೇ. ಜನವರಿ ಚಳಿ. ಒದ್ದೆ ಸೀರೇಲೇ ಕೂರಿಸಿದ್ರು. ಸುರಿದೋರು ಯಾರು ಅಂತ ಇವತ್ತಿಗೂ ಯಾರೂ ಬಾಯಿ ಬಿಡಲ್ಲ.

ದೊಡ್ಡವ್ವ ಹೇಳ್ತಿದ್ದಳು. "ಮೊದ್ಲು ನೀರ ನಿನ್ನ ಕೈ ಮೇಲೆ ಉಯ್ಕಂಡು ನೋಡ್ಬೇಕು ಕಣಮ್ಮಿ. ಸತ್ತೋರ್ಗೆ ಏನು ತಿಳಿದಾತು ಅಂತ ತಣ್ಣೀರು ಸುರೀಬಾರ್ದು, ಸುಡೋ ನೀರೂವೆ ಸುರೀಬಾರ್ದು."

ಅವಳ ಹಿತ್ತಾಳೆ ಚೊಂಬು ಈಗ ನನ್ನ ಅಂಗಡಿ ಶೆಲ್ಫಲ್ಲಿದೆ, ಇಂಕ್ ಬಾಟಲಿಗಳ ಹಿಂದೆ. ಕಾಣದ ಹಾಗೆ ಇಟ್ಟಿದೀನಿ.

ಏಪ್ರಿಲ್ 2

ಮೃತ್ಯುಂಜಯಣ್ಣ ಅಂಗಡಿಗೇ ಬಂದ್ರು. ಪುಟ ತೋರಿಸಿದೆ. 'ಪುಟ್ಟಸಿದ್ದಮ್ಮ, 74. ಈ ಬಳಗದ ಮೂವತ್ತಾರು ಹೆಂಗಸರ ಮೈ ತೊಳೆದು ಕಳಿಸಿಕೊಟ್ಟವರು.' ಕನ್ನಡಕ ಏರಿಸಿ ಓದಿದ್ರು. ಮತ್ತೆ ಓದಿದ್ರು.

"ಹೆಸರು ಹಾಕ್ಸನ ಕಣಮ್ಮಿ. ಇದೆಲ್ಲ ಯಾಕೆ? ಒಳ್ಳೇ ದಿನ ಬಿಡುಗಡೆ ಮಾಡೋ ಪುಸ್ತಕ."

"ಪುಸ್ತಕದ ತುಂಬಾ ಸತ್ತೋರೇ ಇದಾರಲ್ಲಣ್ಣ."

"ಅದು ಬ್ಯಾರೆ."

ಏನು ಬೇರೆ ಅಂತ ಅವರಿಗೂ ಗೊತ್ತಿಲ್ಲ. ಕಾಫಿ ಕುಡಿದು ಎದ್ದರು. ಬಾಗಿಲಲ್ಲಿ ನಿಂತು, "ಮೂವತ್ತಾರು ಅಂತ ಯಾರು ಕಂಡೋರು? ಆಯಾ ಮನೆಯೋರು ಹ್ಞೂಂ ಅಂದ್ರೆ ಹಾಕ್ಕೋ" ಅಂದ್ರು.

ಅನ್ನಲ್ಲ ಅಂತ ಗೊತ್ತಿದ್ದೇ ಅಂದಿದ್ದು.

ಏಪ್ರಿಲ್ 4

ಹದಿನೇಳು ಮನೆಗೆ ಫೋನ್ ಮಾಡಿದೆ.

"ನಮ್ಮತ್ತೇನಾ? ನಾವೇ ತೊಳ್ದಿದ್ದು ಕಣಮ್ಮ."

"ನಿಮ್ಮ ದೊಡ್ಡವ್ವ ಬಂದಿದ್ರು ಅಂತ ಕಾಣುತ್ತೆ, ನೀರು ಎತ್ತಿ ಕೊಟ್ರು ಅಷ್ಟೆ."

"ಈಗ್ಯಾಕೆ ಬುಡಮ್ಮ ಅದೆಲ್ಲ. ಮನೇಲಿ ಬಾಣಂತಿ ಇದಾಳೆ."

ಮಲ್ಲಿಗಮ್ಮನ ಮಗಳು ಅತ್ತಳು. "ನಮ್ಮವ್ವನ್ನ ನನ್ನ ಕೈಯಾರ ತೊಳ್ದು ಕಳ್ಸಿದೀನಿ ಅಕ್ಕ. ಅದೊಂದೇ ನಂಗೆ ಸಮಾಧಾನ." ಹೋದ ನವೆಂಬರ್ ಮಾತು ಇದು. ಅವಳು ಮೈಸೂರು ಬಸ್ಸಿಂದ ಇಳಿಯೋಷ್ಟ್ರಲ್ಲಿ ಅವರವ್ವನ್ನ ಕೂರಿಸಿ ಹೂ ಹಾಕಿ ಆಗಿತ್ತು. ದೊಡ್ಡವ್ವನ್ನ ಸ್ಕೂಟಿಯಲ್ಲಿ ಅವರ ಹಿತ್ತಲವರೆಗೆ ಬಿಟ್ಟೋಳು ನಾನೇ. ಮಂಡಿನೋವಿಗೆ ಕುಂಟ್ಕೊಂಡು ಒಳಗೆ ಹೋದ್ಲು. ಅದೇ ಅವಳು ತೊಳೆದ ಕೊನೇ ಮೈ.

ಆ ಹುಡುಗಿ ಸುಳ್ಳು ಹೇಳ್ತಿಲ್ಲ. ಹಾಗಂತ ನಂಬಿಬಿಟ್ಟಿದಾಳೆ. ಬೈಯೋಕೂ ಆಗಲಿಲ್ಲ ನಂಗೆ.

ಹದಿನೇಳಕ್ಕೆ ಹದಿನೇಳೂ ಇಲ್ಲ. ಹಂಗಾದ್ರೆ ದೊಡ್ಡವ್ವ ನಲವತ್ತು ವರ್ಷ ಎಲ್ಲಿಗೆ ಹೋಗಿ ಬರ್ತಿದ್ದಳು? ಬಂದೋಳು ಹಿತ್ತಲಲ್ಲೇ ತಲೆಗೆ ಸ್ನಾನ ಮಾಡಿ, ಕೂದಲು ಒಣಗೋವರೆಗೂ ನನ್ನ ಮುಟ್ಟದೆ ಕೂರ್ತಿದ್ದಳಲ್ಲ, ಅದೇನು?

ಏಪ್ರಿಲ್ 5

ಸಾಕು. ಅವರಿಗೆ ಬೇಕಾದ ಹಾಗೇ ಟೈಪ್ ಮಾಡ್ತೀನಿ. 'ಮನೆಗೆ ಬಂದವರಿಗೆ ಉಣಬಡಿಸದೆ' — ಇಷ್ಟು ಹೊಡೆದು ನಿಲ್ಲಿಸಿದೆ. ಅವಳ ಮನೇಲಿ ಉಣ್ಣೋಕೆ ಯಾರು ಬರ್ತಿದ್ರು? ಆ ಕೈಯಿಂದ ಲೋಟ ನೀರು ಇಸ್ಕೊಳ್ತಿರಲಿಲ್ಲ ಇವರು.

ಏಪ್ರಿಲ್ 15

ಹತ್ತು ದಿನ ಪುಸ್ತಕ ಮುಟ್ಟಲಿಲ್ಲ. ಮದುವೆ ಕಾರ್ಡುಗಳೇ ಸಾಕಾಗಿದ್ವು.

ಇವತ್ತು ದೊಡ್ಡಮಲ್ಲಪ್ಪನವರ ಫೋಟೋ ಇಸ್ಕೊಳ್ಳೋಕೆ ಭೀಮನಬೀಡಿಗೆ ಹೋಗಿದ್ದೆ. ಅವರ ಹೆಂಡತಿ ದೊಡ್ಡಮಲ್ಲಮ್ಮ ಹಾಸಿಗೆ ಹಿಡಿದಿದಾರೆ. ಎಂಬತ್ತಾರು. ಹತ್ತಿರ ಕೂತೆ. ನಾನೇನೂ ಕೇಳಲಿಲ್ಲ. ಅವರೇ ಎತ್ತಿದ್ರು.

"ನೀನು ಪುಟ್ಟಸಿದ್ದಿ ಸಾಕಿದ ಮಗಳು ಅಲ್ವಾ? ನಮ್ಮತ್ತೇನ ತೊಳ್ದೋಳು ಅವಳೇ ಕಣವ್ವ. ನಾನು ಕದದ ಸಂದೀಲಿ ನಿಂತ್ಕಂಡು ನೋಡ್ತಿದ್ದೆ. ಅತ್ತೆ ದಪ್ಪ ಆಳು. ಬೆನ್ನ ಆನಿಸ್ಕಳಕೆ ಒಬ್ರು ಬನ್ನಿ, ಒಬ್ರು ಬನ್ನಿ ಅಂತ ಕೂಗ್ತಾವ್ಳೆ. ನಾನು ಓಗ್ಲಿಲ್ಲ. ಒಬ್ಬಳೇ ತನ್ನ ಎದೆಗೆ ಆನಿಸ್ಕಂಡು ತೊಳುದ್ಲು."

ಆಮೇಲೆ ನನ್ನ ಮಣಿಕಟ್ಟು ಹಿಡ್ಕೊಂಡು, "ಈಗ ನಂಗ್ಯಾರವ್ವ?" ಅಂದ್ರು.

ಮೂವರು ಸೊಸೆಯರೂ ಅಲ್ಲೇ ಇದ್ರು. ಹಿರಿಯವಳು, ಮೃತ್ಯುಂಜಯಣ್ಣನ ಹೆಂಡತಿ, ಟಿವಿ ಸೌಂಡ್ ಜಾಸ್ತಿ ಮಾಡಿದ್ಲು. ನಡುವಿನವಳು ಹಾಲು ಉಕ್ಕುತ್ತೆ ಅಂತ ಎದ್ದಳು. ಕಿರಿಯವಳು ನಯನಾ, ಕಿರೀಮಗ ಸೋಮೇಶನ ಹೆಂಡತಿ, ಅತ್ತೆಯ ಹೊದಿಕೆ ಎಳೆದು ಸರಿ ಮಾಡ್ತಾ ಅಲ್ಲೇ ಉಳಿದ್ಲು.

ನಾನೂ ಎದ್ದೆ. ಬಸ್ಸಿಗೆ ಹೊತ್ತಾಯ್ತು ಅಂದೆ. ಸ್ಕೂಟಿಯಲ್ಲಿ ಹೋದೋಳು, ಬಸ್ಸಿಗೆ ಹೊತ್ತಾಯ್ತು ಅಂದೆ.

ಏಪ್ರಿಲ್ 21

ಫೈಲನ್ನ ಚಾಮರಾಜನಗರದ ಪ್ರೆಸ್ಸಿಗೆ ಕಳಿಸಿಬಿಟ್ಟೆ. ಏಳನೇ ಪುಟ ದೊಡ್ಡವ್ವನದು. ದೊಡ್ಡವ್ವ ಬಂದು ಬಂದು ನಂಗೆ ಹೇಳಿದ್ದ ಮೂವತ್ತಾರು ಹೆಸರು, ಊರು ಸಮೇತ. ಕೊನೇಲಿ ಎರಡು ಸಾಲು — 'ಇವರು ತೀರಿಕೊಂಡಾಗ ಇವರ ಮೈ ತೊಳೆಯಲು ಯಾರೂ ಬರಲಿಲ್ಲ. ಈ ಪುಟ ಬರೆದ ಕಾವ್ಯಶ್ರೀ ಕೂಡ.'

ಮೊದಲನೇ ಸಲ ಪುಸ್ತಕದಲ್ಲಿ ನನ್ನ ಹೆಸರು ಬಂತು.

ಸಂಜೆ ಮೃತ್ಯುಂಜಯಣ್ಣ ಫೋನ್. ಪ್ರೂಫ್ ನೋಡಿದಾರೆ. "ನಮ್ಮಜ್ಜಿ ಹೆಸರೂ ಹಾಕಿದೀಯಲ್ಲಾ! ಬಳಗದ ಮಾನ ತಗ್ದುಬುಟ್ಟೆ. ಆ ಪುಟ ಕಿತ್ತಾಕ್ಸು, ಇಲ್ಲಾಂದ್ರೆ ಇನ್ಮ್ಯಾಲೆ ಬಳಗದ ಒಂದು ಕಾರ್ಡೂ ನಿನ್ನ ಅಂಗಡಿಗೆ ಬರಕಿಲ್ಲ."

"ಕಿತ್ತರೆ ಏಳೂ ಕಿತ್ತುಹಾಕ್ತೀನಿ. ಪ್ರೆಸ್ಸೋರು ನನ್ನ ಮಾತೇ ಕೇಳೋದು" ಅಂದೆ.

ಏಪ್ರಿಲ್ 23, ಬೆಳಗ್ಗೆ 6.20

ಮದುವೆ ಕಾರ್ಡುಗಳಿಗೆ ಅಂತ ಬೇಗ ಅಂಗಡಿಗೆ ಬಂದಿದ್ದೆ. ಮೃತ್ಯುಂಜಯಣ್ಣ ಫೋನ್ ಮಾಡಿದಾರೆ. ಇನ್ನೂ ಲೈನಲ್ಲೇ ಇದಾರೆ. ಸುಮ್ಮನೆ ಕೂರೋಕೆ ಆಗ್ತಿಲ್ಲ, ಬರ್ಕೋತಿದೀನಿ.

ದೊಡ್ಡಮಲ್ಲಮ್ಮ ಹೋದರು. ಐದೂವರೆಗೆ. "ಅವ್ವ ಹೋಗ್ಬುಟ್ಳು ಕಣಮ್ಮಿ… ಐನೋರು ಬತ್ತಾವ್ರೆ. ತೊಳ್ಯೋರು ಯಾರೂ ಇಲ್ಲ. ನೀನು ಬಾ. ಆ ಪುಟ ಹಂಗೇ ಇರ್ಲಿ ಬುಡು."

ಈಗ ಹಂಗೇ ಇರಬೌದಂತೆ ಪುಟ.

ಇಂಕ್ ಬಾಟಲಿಗಳ ಹಿಂದಿನ ಚೊಂಬು ತೆಗೆದು ಚೀಲಕ್ಕೆ ಹಾಕ್ಕೊಂಡೆ. ಬರ್ತೀನಿ ಅಂದೆ. ಅವರಿಗೋಸ್ಕರ ಅಲ್ಲ. ನನ್ನ ಮಣಿಕಟ್ಟು ಹಿಡಿದಿದ್ದ ಕೈಗೋಸ್ಕರ. "ಬೆನ್ನು ಆನಿಸ್ಕೊಳ್ಳೋಕೆ ಇನ್ನೊಬ್ಬರು ಬೇಕು. ಸೊಸೆಯರಲ್ಲಿ ಯಾರು ಬರ್ತಾರೆ, ಕೇಳಿ ಹೇಳಿ. ಅಲ್ಲೀವರೆಗೂ ಹೊರಡಲ್ಲ" ಅಂದೆ.

ಕೇಳ್ತಿದಾರೆ. ಎಲ್ಲಾ ಕೇಳಿಸ್ತಿದೆ. ಹಿರಿಯವಳಿಗೆ ಸೊಂಟ. ನಡುವಿನವಳ ಮಗಳನ್ನ ನಾಳೆ ನೋಡೋಕೆ ಬರ್ತಾರೆ. ಜನವರೀಲೂ ಇವೇ ಎರಡು. ಬೇರೆ ನೆಪ ಹುಡುಕೋಷ್ಟು ಮರ್ಯಾದೇನೂ ಇಲ್ಲ.

ಯಾರೋ ಫೋನ್ ಇಸ್ಕೊಂಡ್ರು.

"ಅಕ್ಕಾ, ನಯನಾ. ನಾನು ಆನಿಸ್ಕತೀನಿ. ನಂಗೇನೂ ಗೊತ್ತಿಲ್ಲ ಕಣಕ್ಕ. ಭಯ ಆಯ್ತದೆ. ಏನ್ ಮಾಡ್ಬೇಕು ಹೇಳಿ."

ಹಂಡೆಗೆ ಉರಿ ಹಾಕು ಅಂದೆ. ಹೊರಟೆ ಅಂದೆ. ನಂಗೂ ಭಯ ಕಣೆ ಅಂದೆ. ಮೊದಲು ನೀರನ್ನ ನಿನ್ನ ಕೈ ಮೇಲೆ ಉಯ್ಕೊಂಡು ನೋಡು ಅಂದೆ.