ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದ ಕೆಂಡ

ಸರ್ವೆ ಕ್ಯಾಂಪ್, ಗುಡ್ಡದ ಮೇಲೆ
ಡಿಸೆಂಬರ್ 9

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಇಸ್ತ್ರಿಪೆಟ್ಟಿಗೆ ಎತ್ತೀ ಎತ್ತೀ ಬಲಗೈ ನೋಯ್ತಿತ್ತಲ್ಲ, ಕಡಿಮೆಯಾಯ್ತಾ? ಗಿರಾಕಿಗಳು ಕಾದರೆ ಕಾಯಲಿ, ನೀನು ಊಟ ಮಾತ್ರ ತಪ್ಪಿಸಬೇಡ. ನೀನು ಕೇಳುವ ಮೊದಲೇ ಹೇಳಿಬಿಡ್ತೀನಿ, ನಾನು ಹೊಟ್ಟೆ ತುಂಬಾ ತಿಂತಿದ್ದೀನಿ.

ರಸ್ತೆ ಅಳತೆಯ ಕೆಲಸ ಅರ್ಧ ಮುಗೀತು. ನನ್ನ ಡೇರೆಯಲ್ಲಿದ್ದ ಅಳತೆಪಟ್ಟಿಯವನು ಮಗು ಹುಟ್ಟಿತು ಅಂತ ಊರಿಗೆ ಹೋದ. ಅವನ ಗೊರಕೆಗೆ ದಿನಾ ಬೈತಿದ್ದೆ, ಈಗ ಅದೂ ಇಲ್ಲದೆ ಡೇರೆ ಬಿಕೋ ಅನ್ನುತ್ತೆ. ಕತ್ತಲಾದರೆ ಮಾತಿಗೆ ಒಂದು ನರಪಿಳ್ಳೆಯೂ ಇಲ್ಲ. ಚಳಿಗಿಂತ ಅದೇ ಹೆಚ್ಚು ಕೊರೆಯುತ್ತೆ ಅಕ್ಕಾ. ಮೊನ್ನೆ ನಿನ್ನ ನೆನಪು ಬಹಳ ಬಂತು. ಅಮ್ಮ ಹೋದ ಮೇಲೆ ದಿನಾ ಅಂಗಡಿ ಮುಚ್ಚಿ, ಇಸ್ತ್ರಿಪೆಟ್ಟಿಗೆಯಲ್ಲಿ ಉಳಿದ ಕೆಂಡವನ್ನು ಬಾಣಲೆಗೆ ಸುರಿದು ನನ್ನ ಮಂಚದ ಕೆಳಗಿಡ್ತಿದ್ದೆಯಲ್ಲ, "ಮಲಗೋ ಮರಿ, ಇನ್ನು ಚಳಿ ನಿನ್ನ ಹತ್ತಿರ ಸುಳಿಯಲ್ಲ" ಅಂತ. ಅದೇ ಆಸೆಗೆ ಅಡುಗೆ ಒಲೆಯ ಕೆಂಡ ಬಾಣಲೆಗೆ ತುಂಬಿ ಡೇರೆಯೊಳಗೆ ತಂದೆ. ಗಾಳಿ ಬರದ ಹಾಗೆ ಬಾಗಿಲ ಜಿಪ್ಪು, ಮೇಲಿನ ಕಿಂಡಿ ಎಲ್ಲ ಭದ್ರ ಮಾಡಿದೆ. ನಿನ್ನ ತಮ್ಮನ ಬುದ್ಧಿವಂತಿಕೆ ನೋಡು.

ತಲೆ ಭಾರವಾಯ್ತು, ಹಾಗೇ ಮಂಪರು. ಅಡುಗೆಯವನು ಬಾಣಲೆ ಹುಡುಕಿಕೊಂಡು ಬಂದವನು ನನ್ನ ಕಾಲು ಹಿಡಿದು ಹೊರಗೆಳೆದ. ಎಷ್ಟು ವಾಂತಿ ಮಾಡಿಕೊಂಡೆನೋ. ಕ್ಯಾಂಪಿನ ಡಾಕ್ಟರು ಪಕ್ಕ ಬಿಟ್ಟು ಏಳಲಿಲ್ಲ. ಹೊಗೆಯೇ ಇರಲಿಲ್ಲವಲ್ಲ ಅಂದೆ. "ಹೊಗೆ ಇದ್ದಿದ್ರೆ ಕೆಮ್ಮಿಯಾದ್ರೂ ಏಳ್ತಿದ್ದೆ. ಕೆಂಡದ ವಿಷಗಾಳಿ ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ" ಅಂದರು. ಈಗ ಗುಂಡುಕಲ್ಲಿನ ಹಾಗಿದ್ದೀನಿ, ಗಾಬರಿಯಾಗಬೇಡ.

ಈಗ ಬೆಂಕಿ, ಕೆಂಡ ಎಲ್ಲ ಡೇರೆಯ ಹೊರಗೇ. ನೆಲದ ತಂಪು ಏರದ ಹಾಗೆ ಎರಡು ಚಾಪೆ ಹಾಸ್ತೀನಿ. ಬೆವರಿದ ಬಟ್ಟೆ ಕಳಚಿ ಒಣಗಿದ್ದು ಹಾಕಿಕೊಳ್ತೀನಿ. ಬಿಸಿನೀರಿನ ಬಾಟಲಿಗೆ ಕಾಲುಚೀಲ ತೊಡಿಸಿ ಹೊದಿಕೆಯೊಳಗೆ ತಬ್ಬಿಕೊಂಡು ಮಲಗ್ತೀನಿ, ನಗಬೇಡ. ಕಿಂಡಿ ತೆರೆದೇ ಇರುತ್ತೆ. ಮುಚ್ಚಿದರೆ ಉಸಿರಿನ ತೇವಕ್ಕೆ ಹೊದಿಕೆ ಒದ್ದೆಯಾಗಿ ಚಳಿ ಇನ್ನೂ ಜಾಸ್ತಿ.

ಪಕ್ಕದಂಗಡಿಯ ಟೈಲರ್ ಮಾವನಿಗೆ ನಮಸ್ಕಾರ ಹೇಳು. ನನ್ನನ್ನು ಬೈಯಬೇಕು ಅನ್ನಿಸಿದರೆ ಬೈ, ಆದರೆ ಎರಡು ಪುಟ ಬರೆದು ಬೈ.

ನಿನ್ನ ತಮ್ಮ,
ಮರಿ

ಮತ್ತೆ ಅಕ್ಕಾ, ಜೀಪು ಹೊರಟು ನಿಂತಿದೆ. ಇಷ್ಟೆಲ್ಲ ಬರೆದಿದ್ದೇ ಇದಕ್ಕೆ. ಡ್ರೈವರ್ ಇದನ್ನು ನಿನ್ನ ಕೈಗೇ ಕೊಡ್ತಾನೆ. ಹೊಸ ಬಾಡಿಗೆ ರೂಮಿಗೆ ಒಂದು ಚೂರೂ ಗಾಳಿ ನುಗ್ಗಲ್ಲ ಅಂತ ನೀನು ಖುಷಿಯಿಂದ ಬರೆದಿದ್ದೆ. ಹಳೇ ಮನೆಯ ಹೆಂಚಿನ ಸಂದಿಗಳೇ ಅಷ್ಟು ವರ್ಷ ನಮ್ಮನ್ನು ಉಳಿಸಿದ್ದು. ಮಂಚದ ಕೆಳಗೆ ಇನ್ನೂ ಕೆಂಡ ಇಡ್ತಿದ್ದರೆ ಇವತ್ತೇ ನಿಲ್ಲಿಸು. ನನ್ನನ್ನು ಹೊರಗೆಳೆಯೋಕೆ ಅಡುಗೆಯವನು ಬಂದ. ನೀನು ಒಳಗಿನಿಂದ ಚಿಲಕ ಹಾಕಿಕೊಂಡು ಒಬ್ಬಳೇ ಮಲಗ್ತೀಯ.