ಜರಡಿಯ ನೀಲಿ

೪ ಮಾರ್ಚ್ ೧೯೮೨
ಮರಳೂರಿನಿಂದ ಸೈಕಲ್. ಹತ್ತಕ್ಕೆ ಲ್ಯಾಬ್. ಮಂಗಳೂರಿನಾಚೆ ಕಡಲ ತಳದಿಂದ ತೆಗೆದ ಹಳೇ ಕೆಸರು, ಆರನೇ ಪದರ, ಜರಡಿಯಲ್ಲಿ ತೊಳೆದೆ. ಸಾಸಿವೆಗಿಂತ ಸಣ್ಣ ಚಿಪ್ಪುಗಳು. ತಟ್ಟೆಯಂಥವು ಹೆಚ್ಚಿದ್ದರೆ ಆ ಕಾಲದಲ್ಲಿ ಅಲ್ಲಿ ದಡದ ನೀರು. ಉಂಡೆಯಂಥವು ಹೆಚ್ಚಿದ್ದರೆ ಆಳದ ಕಡಲು. ಇವತ್ತು ಉಂಡೆಯೋ ಉಂಡೆ! ಮಂಜುಳಮ್ಮ ಮೇಡಂ ಕುಣಿಯುವುದೊಂದು ಬಾಕಿ.
"ಬೆಟ್ಟಯ್ಯನೋರೇ, ಸಮುದ್ರ ಒಂದೇ ಸಲ ಆಳ ಆಗ್ಬಿಟ್ಟಿದೆ ಕಣ್ರೀ! ನನ್ನ ಪಿಎಚ್.ಡಿ. ದಡ ಸೇರ್ತು."
ಕೆಸರಿನಲಿ ಚಿಪ್ಪು, ಸಾರಿನಲಿ ಉಪ್ಪು —
ಹೆಚ್ಚಾದರೂ ತಪ್ಪು, ಕಡಿಮೆಯಾದರೂ ತಪ್ಪು.

೧೯ ಜೂನ್ ೧೯೮೩
ಭಾನುವಾರ. ಹೆಂಡತಿ ಬಟ್ಟೆ ಒಗೆಯುತ್ತಾ: "ರೀ, ಈ ನೀಲಿ ಜಾಲ್ಸಿದ್ದೇ ತಡ ಹೊಂಟೋಯ್ತದೆ. ಯಾವ ಅಂಗ್ಡೀಲಿ ತಂದ್ರಿ?"
ಕಾಫಿ ಲೋಟ ಕೆಳಗಿಟ್ಟೆ.
ಪ್ರತಿ ಸಲ ತೊಳೆದ ಮೇಲೆ ಜರಡಿಯನ್ನು ಲ್ಯಾಬಿನ ನೀಲಿ ಬಣ್ಣದಲ್ಲಿ ಅದ್ದುವುದು ನನ್ನ ಕೆಲಸ. ಜರಡಿಯ ಕಣ್ಣಲ್ಲಿ ಸಿಕ್ಕಿಕೊಂಡ ಹಳೇ ಚಿಪ್ಪು ನೀಲಿಯಾಗುತ್ತದೆ. ಮುಂದಿನ ಕೆಸರಿನಲ್ಲಿ ಕಂಡರೆ ಎಣಿಸದೆ ಬಿಸಾಕುವುದು. ಹೋದ ವರ್ಷ ಬಣ್ಣ ಮುಗಿದಿತ್ತು. ಇಂಡೆಂಟ್ ಹಾಕಿದೆ, ಬರಲಿಲ್ಲ. ಮನೆಯಿಂದ ಬಟ್ಟೆ ನೀಲಿ ಒಯ್ದೆ. ನೀಲಿ ನೀಲಿಯೇ ಅಲ್ಲವೇ... ಯಾರಿಗೂ ಹೇಳಲಿಲ್ಲ.
ಆರನೇ ಪದರಕ್ಕೆ ಮುಂಚೆ ಅದೇ ಜರಡಿಯಲ್ಲಿ ತೊಳೆದದ್ದು ಬೇರೊಂದು ಕಡೆಯ ಆಳಗಡಲಿನ ಕೆಸರು. ಮೇಡಂ ಎಣಿಸಿದ್ದು ನೀಲಿ ಬಿಟ್ಟ ಅದರ ಉಂಡೆಗಳನ್ನೇ ಏನೋ.

೨೦ ಜೂನ್
ಲ್ಯಾಬ್ ಬೀಗ ತೆಗೆದವನೇ ಒಂದು ಚಿಪ್ಪನ್ನು ಬಟ್ಟೆ ನೀಲಿಯಲ್ಲಿ ಅದ್ದಿ ನೀರು ಬಿಟ್ಟೆ. ಬಿಳಿ. ಇನ್ನೊಂದು. ಬಿಳಿ. ಆರನೇ ಪದರದ ಉಳಿದ ಕೆಸರನ್ನು ಹೊಸ ಜರಡಿಯಲ್ಲಿ ತೊಳೆದೆ — ಉಂಡೆ ಎರಡೇ ಎರಡು. ಸಮುದ್ರ ಆಳವಾಗಲೇ ಇಲ್ಲ. ಬ್ರಷ್ಷಿನಿಂದ ಸರಿಸಿ ಮತ್ತೆ ಎಣಿಸಿದೆ. ಎರಡೇ.
ಹನ್ನೊಂದು ವರ್ಷದ ಟೆಂಪರರಿ ನಾನು. ಖಾಯಂ ಆಗಲು ಮೇಡಂ ರಿಪೋರ್ಟ್ ಬೇಕು.
ಮಧ್ಯಾಹ್ನ ಬೈಂಡಾದ ಥೀಸಿಸ್ ತಂದು ತೋರಿಸಿದರು. "ಥ್ಯಾಂಕ್ಸ್ ಹೇಳೋ ಪುಟದಲ್ಲಿ ನಿಮ್ಮ ಹೆಸರೂ ಹಾಕಿದೀನಿ, ನೋಡ್ರೀ."
ನೋಡಿದೆ. ಅಕ್ಷರ ಕಾಣಲಿಲ್ಲ.

೨೭ ಜೂನ್
ಊಟ ಸೇರುತ್ತಿಲ್ಲ. ಪ್ರಾಸವೂ ಸೇರುತ್ತಿಲ್ಲ. ಮೇಡಂ ಎದುರಿಗೆ ಬಂದರೆ ಬೀರು ಒರೆಸಲು ಹೋಗುತ್ತೇನೆ. ಇಷ್ಟು ಸ್ವಚ್ಛವಾದ ಬೀರು ಇಡೀ ತುಮಕೂರಿನಲ್ಲಿಲ್ಲ.

೨೮ ಜೂನ್, ಬೆಳಿಗ್ಗೆ ಒಂಬತ್ತೂಮುಕ್ಕಾಲು
ನಾಳೆ ಮೇಡಂ ವೈವಾ. ನೀಲಿ ಪೊಟ್ಟಣ, ಎರಡು ಉಂಡೆಯ ಸ್ಲೈಡು ಮೇಜಿನ ಮೇಲಿಟ್ಟು ಕೂತಿದ್ದೇನೆ. ಪರೀಕ್ಷಕರು ಹಿಡಿದುಬಿಟ್ಟರೆ ಎಂದು ಭಯ. ಹಿಡಿಯದಿದ್ದರೆ ಇನ್ನೂ ಭಯ — ಇಲ್ಲದ ಸಮುದ್ರವೊಂದು ಪುಸ್ತಕದಲ್ಲಿ ಉಳಿದುಬಿಡುತ್ತದೆ.
ಮೇಡಂ ದಿನಾ ಬರುವ ಕುಣಿಗಲ್ ಬಸ್ಸು ಬಂದಿರಬೇಕು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು... ಬಾಗಿಲು.
"ಏನ್ರೀ ಬೆಟ್ಟಯ್ಯನೋರೇ, ಲ್ಯಾಬಲ್ಲೂ ಬಟ್ಟೆ ಒಗ್ಯೋಕೆ ಶುರು ಮಾಡಿದ್ರಾ?"
ನಗುತ್ತಿದ್ದಾರೆ. ಪೆನ್ನು ಕೆಳಗಿಟ್ಟು ಎದ್ದು ನಿಲ್ಲಬೇಕು, ಹೇಳಬೇಕು — ಮೇಡಂ, ಆರನೇ ಪದರ...